ಸಂಘದ ಕೋಣೆಯಲ್ಲಿ ನಿಂತವನು

ಬನಹಟ್ಟಿಯ ಧರೆಪ್ಪನ ಜೊತೆ ಚಹಾ ಕುಡಿಯಲು ಕೂತರೆ ಅರ್ಧ ತಾಸಿನ ಪರೀಕ್ಷೆಗೆ ಕೂತಂತೆಯೇ. ಹೋಟೆಲಿನಲ್ಲಿ ಆತ ಬೆನ್ನನ್ನು ಗೋಡೆಗೂ ಮುಖವನ್ನು ಬಾಗಿಲಿಗೂ ಕೊಟ್ಟು ಕೂರುತ್ತಾನೆ. ಎದುರಿಗಿದ್ದವನು ನಿನ್ನೆ ಮುಧೋಳಕ್ಕೆ ಹೋಗಿದ್ದೆ ಎಂದು ಬಾಯಿತಪ್ಪಿ ಹೇಳಿದನೋ, ಮುಗಿಯಿತು. ಯಾವ ಬಸ್ಸು, ಯಾರ ಪಕ್ಕ ಕೂತಿದ್ದೆ, ಅಲ್ಲಿ ಊಟ ಎಲ್ಲಿ ಮಾಡಿದೆ ಎಂದು ಕೇಳುತ್ತಾನೆ. ಹತ್ತು ನಿಮಿಷ ಬೇರೆ ಮಾತಾಡಿ, ಅದೇ ಬಸ್ಸಿನ ವಿಷಯವನ್ನು ಇನ್ನೊಂದು ಮಗ್ಗುಲಿನಿಂದ ಮತ್ತೆ ಎತ್ತುತ್ತಾನೆ. ಬದನೆಕಾಯಿ ಮಾರುವ ಮುದುಕಿ ಕೂಡ ಅವನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಸಾಕ್ಷಿ ಹೇಳಲು ಸಿದ್ಧಳಾಗುತ್ತಾಳೆ ಎಂದು ಓಣಿಯವರು ನಗುತ್ತಾರೆ. ಧರೆಪ್ಪ ಮಾತ್ರ ನಗುವುದಿಲ್ಲ. ನಕ್ಕವನು ಯಾಕೆ ನಕ್ಕ ಎಂಬುದು ಅವನಿಗೆ ಇನ್ನೊಂದು ಚಿಂತೆ.

ವಯಸ್ಸು ಐವತ್ತೆಂಟು. ಹದಿನಾರನೇ ವಯಸ್ಸಿಗೆ ಮಗ್ಗಕ್ಕೆ ನಿಂತವನು, ಇಂದಿಗೂ ಮಾಲಕರೊಬ್ಬರ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಾನೆ. ನಲವತ್ತು ವರ್ಷ ಆ ಸದ್ದಿನಲ್ಲಿ ನಿಂತಿದ್ದರಿಂದ ಮಾತು ಜೋರು, ಕಿವಿ ಮಂದ. ನೇಕಾರ ಮಜೂರರ ಸಂಘದಲ್ಲಿ ಅವನಿಗೆ ಹುದ್ದೆಯೇನೂ ಇಲ್ಲ, ಆದರೆ ಅವನ ಮಾತು ಬಿಟ್ಟು ಸಂಘ ಒಂದು ಹೆಜ್ಜೆ ಇಡುವುದಿಲ್ಲ. ಪ್ರತಿ ರವಿವಾರ ಸಂಘದ ಕೋಣೆಯಲ್ಲಿ ಮಾರ್ಕ್ಸ್‌ವಾದದ ಪಾಠ ಹೇಳುವವನು ಅವನೇ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ಮಜೂರನ ದುಡಿಮೆಯಿಂದ ಮಾಲಕನಿಗೆ ಉಳಿಯುವ ಹೆಚ್ಚುವರಿ ಮೌಲ್ಯವನ್ನು ಸೀರೆಯ ಸೆರಗು, ಒಡಲು, ಅಂಚುಗಳಲ್ಲಿ ಬಿಡಿಸಿ ಹೇಳುವಾಗ ಕಾಲೇಜಿನ ಮಾಸ್ತರರೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದುಂಟು.

ಅವನ ಅನುಮಾನದ ರೋಗಕ್ಕೆ ಒಂದು ಹುಟ್ಟಿದ ದಿನವಿದೆ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಮಾಲಕರ ಗೋದಾಮಿನಿಂದ ನೂಲಿನ ಗಂಟುಗಳು ಕಳುವಾದವು. ಸಂಘದವರದೇ ಕೆಲಸ ಎಂದು ಪೊಲೀಸರು ಧರೆಪ್ಪನನ್ನು ಎತ್ತಿಕೊಂಡು ಹೋದರು. ಯಾವ ಠಾಣೆ ಎಂಬುದನ್ನು ಅವನೂ ಹೇಳುವುದಿಲ್ಲ, ನಮಗೂ ಬೇಡ. ಎರಡು ದಿನ ನಿಲ್ಲಿಸಿದರು, ಅಂಗಾಲಿಗೆ ಹೊಡೆದರು. ಮೂರನೇ ದಿನ ಒಬ್ಬ ಸಮಾಧಾನದ ಅಧಿಕಾರಿ ಬಂದು ಕುರ್ಚಿ ಕೊಟ್ಟು, ಚಹಾ ತರಿಸಿ, 'ಮನ್ಯಾಗ ಕಸ್ತೂರೆವ್ವ ಒಬ್ಬಾಕಿನ ಅದಾಳಲ್ಲ, ಆಕಿನ್ನೂ ಕರಿಸೂಣೇನು?' ಎಂದು ಹೆಂಡತಿಯ ಹೆಸರು ಹಿಡಿದು ಕೇಳಿದ. ಧರೆಪ್ಪ ಒಂದು ಹೆಸರು ಹೇಳಿದ. ಬರೆದಿಟ್ಟ ಕಾಗದಕ್ಕೆ ಸಹಿ ಹಾಕಿದ.

ಹೇಳಿದ್ದು ಗಿರಿಮಲ್ಲಪ್ಪನ ಹೆಸರು. ಪಕ್ಕದ ಮಗ್ಗದವನು, ಒಂದೇ ತಾಟಿನಲ್ಲಿ ಉಂಡವನು. ಯಾಕೆ ಅವನದೇ ಹೆಸರು ಬಂತೆಂದು ಧರೆಪ್ಪನಿಗೆ ಇಂದಿಗೂ ಗೊತ್ತಿಲ್ಲ. ಬಹುಶಃ ಬೇರೆ ಯಾವ ಹೆಸರೂ ಅಷ್ಟು ಬೇಗ ಬಾಯಿಗೆ ಬರುತ್ತಿರಲಿಲ್ಲ. ಗಿರಿಮಲ್ಲಪ್ಪನನ್ನು ಹದಿನೈದು ದಿನ ಇಟ್ಟುಕೊಂಡರು. ಅವನು ಹೊರಬಂದಾಗ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಎಳೆ ಕಡಿದರೆ ಗಂಟು ಹಾಕಲಾಗದ ಕೈಗೆ ಮಗ್ಗ ಯಾರು ಕೊಡುತ್ತಾರೆ? ಅವನು ಸೀರೆ ಗಂಟುಗಳನ್ನು ಗಾಡಿಗೆ ಹೇರುವ ಕೆಲಸಕ್ಕೆ ಇಳಿದ. ನೂಲು ಕದ್ದವನು ಮಾಲಕರ ಸ್ವಂತ ಅಳಿಯ ಎಂದು ಆರು ತಿಂಗಳ ಮೇಲೆ ಬಯಲಾಯಿತು. ಪ್ರಕರಣ ಬಿದ್ದುಹೋಯಿತು. ಕಾಗದ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಗಿರಿಮಲ್ಲಪ್ಪ ಈಗ ಸಂಘದ ಅಧ್ಯಕ್ಷ. ಮಾತು ಬಹಳ ಕಡಿಮೆ. ಅವನಿಗೆ ಗೊತ್ತಿದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಧರೆಪ್ಪ ಇಪ್ಪತ್ತೆರಡು ವರ್ಷದಿಂದ ಅವನ ಮುಖದಲ್ಲಿ ಹುಡುಕುತ್ತಿದ್ದಾನೆ. ಗಿರಿಮಲ್ಲಪ್ಪ ಎಲೆಯಡಿಕೆ ಮುಂದೆ ಹಿಡಿದರೆ ಯಾಕೆ ಹಿಡಿದ ಎಂದು ಅನುಮಾನ, ಹಿಡಿಯದಿದ್ದರೆ ಯಾಕೆ ಹಿಡಿಯಲಿಲ್ಲ ಎಂದು ಅನುಮಾನ.

ಇಂಥ ಗಾಯವಿದ್ದವನು ಓದಿಗೆ ಬಿದ್ದರೆ ಓದೂ ಆ ಗಾಯದ ಸುತ್ತಲೇ ತಿರುಗುತ್ತದೆ. ಧರೆಪ್ಪನ ರವಿವಾರದ ಪಾಠಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಠಾಣೆಯ ಪಾಠ. ಠಾಣೆಯೂ ಒಂದು ಕಾರ್ಖಾನೆ ಎನ್ನುತ್ತಿದ್ದ. ಹೊಡೆಯುವ ಕಾನ್‌ಸ್ಟೇಬಲ್ ಪಗಾರಕ್ಕೆ ದುಡಿಯುವ ಮಜೂರ, ಹಿಡಿದು ತಂದವನು ಕಚ್ಚಾ ಮಾಲು, ತಯಾರಾಗುವ ಸರಕು ಹೇಳಿಕೆ. ಸರಕಿನ ಒಡೆಯ ಆ ಕೋಣೆಯಲ್ಲಿ ಇರುವುದೇ ಇಲ್ಲ. ಮೇಲಿನಿಂದ ಇಂತಿಷ್ಟು ಕೇಸು ಬೇಕೆಂದರೆ ಇಂತಿಷ್ಟು ಹೇಳಿಕೆ ಇಳಿಯಲೇಬೇಕು, ಸೀರೆ ಇಳಿದ ಹಾಗೆ. ಇನ್ನು ಮಾನವ ಹಕ್ಕು ಎಂಬುದು ಕೂಲಿಯ ಕರಾರಿನಂತೆ: ಕಾಗದದ ಮೇಲೆ ಇಬ್ಬರೂ ಸಮ, ಕೋಣೆಯೊಳಗೆ ಒಬ್ಬ ಕುಂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ಆಸ್ತಿ ಇದ್ದವನಿಗೆ ಹಕ್ಕು ವಕೀಲನ ರೂಪದಲ್ಲಿ ಬರುತ್ತದೆ, ಇಲ್ಲದವನಿಗೆ ಗೋಡೆಗೆ ಅಂಟಿಸಿದ ಬೋರ್ಡಿನ ರೂಪದಲ್ಲಿ. ಹೀಗೆ ಹೇಳಿ ಅವನು ಸುತ್ತ ನೋಡುತ್ತಿದ್ದ. ಹುಡುಗರು ತಲೆದೂಗುತ್ತಿದ್ದರು. ಗಿರಿಮಲ್ಲಪ್ಪ ಕಿಟಕಿಯ ಬಳಿ ಕೂತು ಮಡಚದ ಹೆಬ್ಬೆರಳನ್ನು ಎಡಗೈಯಿಂದ ತಿಕ್ಕುತ್ತಿದ್ದ.

ಹೋದ ವರ್ಷ ಮಾನಸಿ ಎಂಬ ವಕೀಲೆ ಜಮಖಂಡಿಯಿಂದ ಬಂದಿದ್ದಳು. ತೇರದಾಳದ ಜೈನರ ಮನೆಯ ಮಗಳು. ಪೊಲೀಸರು ಹಿಡಿದರೆ ಏನೇನು ಕೇಳಬಹುದು, ಯಾವುದಕ್ಕೆ ಸಹಿ ಹಾಕಬಾರದು ಎಂದು ಮಜೂರರಿಗೆ ತಿಳಿಸಿ ಹೇಳಲು ಬಂದವಳ ಮುಂದೆ ಧರೆಪ್ಪ ತನ್ನ ಪಾಠವನ್ನೆಲ್ಲ ಬಿಚ್ಚಿಟ್ಟ. ನಿಮ್ಮ ಹಕ್ಕು ಮಾಲಕರ ಹಕ್ಕು ಎಂದ. ಆಕೆ ಸಿಟ್ಟಾಗಲಿಲ್ಲ. ಅರ್ಧಕ್ಕರ್ಧ ನಿಮ್ಮ ಮಾತು ಒಪ್ಪುತ್ತೇನೆ ಎಂದು, ಒಂದೇ ಒಂದು ಪ್ರಶ್ನೆ ಕೇಳಿದಳು.

'ಅಣ್ಣಾರ, ನಾಳೆ ಆ ಕೋಣಿ ನಿಮ್ಮ ಕೈಗೆ ಬಂತಂತ ತಿಳೀರಿ. ನಿಮ್ಮ ವರ್ಗದ್ದ ಆತು. ಆವಾಗ ನಿಂತಾಂವಗ ಕುರ್ಚಿ ಹಾಕ್ತೀರೇನು?'

ಕೋಣೆ ಯಾವ ವರ್ಗದ್ದು ಎಂಬುದೇ ಮುಖ್ಯ, ಮಜೂರರ ಕೋಣೆಯಲ್ಲಿ ಮಜೂರನಿಗೆ ಭಯವಿರುವುದಿಲ್ಲ ಎಂದು ಧರೆಪ್ಪ ಉತ್ತರ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಈ ಹುಡುಗಿಯನ್ನು ಯಾರು ಕಳಿಸಿರಬಹುದು ಎಂದು ಧರೆಪ್ಪ ವಾರಗಟ್ಟಲೆ ವಿಚಾರ ಮಾಡಿದ.

ಈ ವರ್ಷ ಮಜೂರಿಯ ಒಪ್ಪಂದ ಮುಗಿದು ಐದು ತಿಂಗಳಾದರೂ ಮಾಲಕರು ಮಾತುಕತೆಗೆ ಬರಲಿಲ್ಲ. ಸಂಘ ಗುಟ್ಟಾಗಿ ಮುಷ್ಕರ ಗೊತ್ತುಮಾಡಿತು. ಅಮಾವಾಸ್ಯೆಗೆ ಮಗ್ಗಗಳು ಹೇಗೂ ನಿಲ್ಲುತ್ತವೆ, ಮರುದಿನ ಹಚ್ಚುವುದೇ ಬೇಡ ಎಂಬುದು ಉಪಾಯ. ಬಾಗಿಲಿಗೆ ಅಡ್ಡ ಕೂತು ನೂಲು, ತಯಾರಾದ ಸೀರೆ ಎಲ್ಲವನ್ನೂ ಶೆಡ್ಡಿನೊಳಗೇ ತಡೆದರೆ ಮಾಲಕರು ತಾವಾಗಿಯೇ ಓಡಿಬರುತ್ತಾರೆ. ನಲವತ್ತು ಮಂದಿಗೆ ಮಾತ್ರ ದಿನ ಗೊತ್ತಿತ್ತು, ಯಾರೂ ಹೆಂಡತಿಗೂ ಹೇಳಬಾರದೆಂದು ಆಣೆಯಾಗಿತ್ತು. ಅಮಾವಾಸ್ಯೆಗೆ ಎರಡು ದಿನ ಮೊದಲು ಮಾಲಕರು ಗಾಡಿ ತಂದು ಸೀರೆ, ನೂಲು ಎಲ್ಲವನ್ನೂ ಮುಧೋಳಕ್ಕೆ ಸಾಗಿಸಿ, ದುರಸ್ತಿ ಇದೆ ಎಂದು ಶೆಡ್ಡುಗಳಿಗೆ ತಾವೇ ಬೀಗ ಜಡಿದರು. ಮುಷ್ಕರ ಮಾಡಬೇಕಾದವರು ಬೀಗದ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ನೋಟ ಕೆಟ್ಟದಾಗಿತ್ತು. ಒಂದೇ ದಿನದಲ್ಲಿ ಊರೆಲ್ಲ ಧರೆಪ್ಪಂದಿರೇ ಆದರು. ಯಾರು ಯಾವಾಗ ಫೋನ್ ಮಾಡಿದರು, ಯಾರ ಮನೆಯಲ್ಲಿ ಹೋಳಿಗೆ ಆಗಿತ್ತು, ಯಾರ ಮಗನಿಗೆ ಹೊಸ ಚಪ್ಪಲಿ ಬಂತು, ಎಲ್ಲವೂ ಪುರಾವೆಯಾಯಿತು. ಕೊನೆಗೆ ಬೆರಳು ಹೋಗಿ ಅಜಯನ ಮೇಲೆ ನಿಂತಿತು. ಅಜಯ ಸಮೀರವಾಡಿಯಲ್ಲಿ ಕಬ್ಬಿನ ಹಂಗಾಮಿನ ಕೆಲಸ ಬಿಟ್ಟು ಎರಡು ವರ್ಷದ ಹಿಂದೆ ಬನಹಟ್ಟಿಗೆ ಬಂದವನು. ಪರಊರಿನವನು ಎಂಬುದು ಒಂದು. ಬೀಗ ಬೀಳುವುದಕ್ಕೆ ವಾರದ ಮೊದಲು ಅವನು ಮಾಲಕರ ಜೀಪಿನಲ್ಲಿ ಜಮಖಂಡಿ ಕಡೆ ಹೋಗುವುದನ್ನು ಇಬ್ಬರು ಕಂಡಿದ್ದರು ಎಂಬುದು ಇನ್ನೊಂದು. ಹೆಂಡತಿ ಸರಿತಾಳನ್ನು ಅಲ್ಲಿಯ ದವಾಖಾನೆಗೆ ಹೆರಿಗೆಗೆ ಸೇರಿಸಿದ್ದೆ, ಬಸ್ಸು ತಪ್ಪಿತ್ತು, ದಾರಿಯಲ್ಲಿ ಕೈ ಮಾಡಿದೆ, ಹತ್ತಿಸಿಕೊಂಡರು ಎಂದು ಅವನು ಹೇಳಿದ. ಮಾಲಕ ಮಜೂರನನ್ನು ಸುಮ್ಮನೆ ಹತ್ತಿಸಿಕೊಳ್ಳುವುದನ್ನು ಬನಹಟ್ಟಿಯಲ್ಲಿ ಯಾರು ಕಂಡಿದ್ದಾರೆ?

ಸಂಘದ ಕಾರ್ಯದರ್ಶಿ ಯಲ್ಲಾಲಿಂಗ, ಮೂವತ್ತರ ಹುಮ್ಮಸ್ಸಿನವನು, ವಿಚಾರಣೆ ಆಗಲೇಬೇಕೆಂದ. ತಪ್ಪು ಸಾಬೀತಾದರೆ ರಬಕವಿ-ಬನಹಟ್ಟಿಯ ಯಾವ ಶೆಡ್ಡಿನಲ್ಲೂ ಯಾವ ಮಜೂರನೂ ಅವನ ಪಕ್ಕ ನಿಲ್ಲಬಾರದು ಎಂದು ನಿರ್ಣಯವೂ ಆಯಿತು. ಪಕ್ಕದವನಿಲ್ಲದೆ ಮಗ್ಗ ನಡೆಯುವುದಿಲ್ಲ, ಅಂದರೆ ಆ ಮನೆಯ ಒಲೆ ಆರಿದಂತೆ. ಕೇಳುವ ಕೆಲಸ ಧರೆಪ್ಪನ ಪಾಲಿಗೆ ಬಂತು. ಅವನಷ್ಟು ಚೆನ್ನಾಗಿ ಯಾರು ಕೇಳಬಲ್ಲರು? ಗಿರಿಮಲ್ಲಪ್ಪ ಮಾತ್ರ, ಕೇಳುವುದಾದರೆ ಎಲ್ಲರ ಮುಂದೆ ಕೇಳೋಣ, ಒಬ್ಬೊಬ್ಬರನ್ನೇ ಕೋಣೆಗೆ ಕರೆಯುವುದು ಬೇಡ ಎಂದು ಒಮ್ಮೆ ಹೇಳಿ ಸುಮ್ಮನಾದ. ಇವನು ಯಾಕೆ ಹೀಗಂದ ಎಂದು ಧರೆಪ್ಪ ಅದನ್ನೂ ಗಂಟು ಹಾಕಿಟ್ಟುಕೊಂಡ.

ರವಿವಾರ ಮಧ್ಯಾಹ್ನ, ಪಾಠ ನಡೆಯುವ ಅದೇ ಕೋಣೆ. ಐದು ಜನ ಬೆಂಚಿನ ಮೇಲೆ ಕೂತರು, ಗಿರಿಮಲ್ಲಪ್ಪ ಎಂದಿನಂತೆ ಕಿಟಕಿಯ ಬಳಿ ಕೂತ, ಅಜಯ ಗೋಡೆಯ ಬಳಿ ನಿಂತ. ಕೂರು ಎಂದು ಯಾರೂ ಹೇಳಲಿಲ್ಲ. ಹೇಳಬಾರದೆಂದು ಯಾರೂ ತೀರ್ಮಾನಿಸಿರಲೂ ಇಲ್ಲ. ಧರೆಪ್ಪನಿಗೆ ಒಂದು ವಿಷಯದಲ್ಲಿ ಹೆಮ್ಮೆ ಇತ್ತು: ಈ ಹುಡುಗನ ಮೈಮೇಲೆ ಒಂದು ಬೆರಳೂ ಬೀಳಕೂಡದೆಂದು ಮೊದಲೇ ತಾಕೀತು ಮಾಡಿದ್ದ. ಜೀಪಿನ ಬಣ್ಣದಿಂದ ಶುರುಮಾಡಿದ. ಮುಂದಿನ ಸೀಟೋ ಹಿಂದಿನದೋ ಎಂದು ಕೇಳಿದ. ಹೆರಿಗೆಯ ದಿನ ಕೇಳಿ, ಮಗುವಿನ ತೂಕ ಕೇಳಿ, ಮತ್ತೆ ಜೀಪಿಗೆ ಬಂದ. ಅಜಯ ಮೊದಲ ಸಲ ಮುಂದಿನ ಸೀಟು ಎಂದಿದ್ದವನು ಮೂರನೇ ಸಲಕ್ಕೆ ನೆನಪಿಲ್ಲ ಎಂದ. ಯಲ್ಲಾಲಿಂಗ ತೊಡೆ ತಟ್ಟಿಕೊಂಡ. ತಾಸು ಕಳೆದು ಎರಡು ತಾಸಾಯಿತು. ಲೋಟದಲ್ಲಿ ನೀರು ತುಂಬಿಸಿ ಮೇಜಿನ ಮೇಲಿಟ್ಟಿದ್ದರು. ಅಜಯ ಅದನ್ನು ನೋಡುತ್ತಿದ್ದ, ಕೇಳಲಿಲ್ಲ.

ಮೂರನೇ ತಾಸಿಗೆ ಧರೆಪ್ಪ ದನಿ ಇಳಿಸಿದ. ಕುರ್ಚಿ ಎಳೆದು ಹತ್ತಿರ ಹಾಕಿ, ಹುಡುಗನ ಹೆಗಲು ಹಿಡಿದು ಕೂಡಿಸಿದ. ಚಹಾ ತರಿಸುತ್ತೇನೆ ಎಂದ. ಆಮೇಲೆ ಹೇಳಿದ ಮಾತನ್ನು ಅವನು ಯೋಚಿಸಿ ಹೇಳಲಿಲ್ಲ, ಅದು ಬಾಯಲ್ಲಿ ಸಿದ್ಧವಾಗಿಯೇ ಇತ್ತು.

'ನೀ ಹೇಳಲಿಲ್ಲಂದ್ರ ಸರಿತಾನ್ನೂ ಕರಿಸಿ ಕೇಳಬೇಕಾಗತೈತಿ ನೋಡ ತಮ್ಮಾ.'

ಅಜಯನ ಮುಖದಲ್ಲಿ ಇಷ್ಟು ಹೊತ್ತು ಇದ್ದ ಹಟ ಒಮ್ಮೆಲೆ ಕರಗಿಹೋಯಿತು. ಹನ್ನೆರಡು ದಿನದ ಬಾಣಂತಿ ಆಕೆ. ಅವನು ತಲೆ ತಗ್ಗಿಸಿ, ಹೌದು, ನಾನೇ ಹೇಳಿದೆ ಎಂದ. ಯಲ್ಲಾಲಿಂಗ ಕಾಗದ ತೆಗೆದು ಬರೆಯಲು ಶುರುಮಾಡಿದ. ಆಗ ಅಜಯ ಮೆಲ್ಲಗೆ ಕೇಳಿದ.

'ಯಾವತ್ತ ಹೇಳಿದೆ ಅಂತ ಬರಸ್ಲಿರಿ ಕಾಕಾ?'

ಉಳಿದವರು ಇದನ್ನು ಗಮನಿಸಲಿಲ್ಲ. ಧರೆಪ್ಪ ಗಮನಿಸಿದ. ಆದರೂ ಅಜಯ ಜೀಪು ಹತ್ತಿದ ದಿನವನ್ನು ತಾನೇ ಹೇಳಿಕೊಟ್ಟ. ಅದನ್ನೇ ಬರೆದರು. ಅಜಯ ಸಹಿ ಹಾಕಿದ. ಎಲ್ಲರಿಗೂ ಹಗುರವೆನಿಸಿತು, ಯಾಕೆಂದರೆ ಕಳ್ಳ ಸಿಕ್ಕಿದರೆ ಉಳಿದವರೆಲ್ಲ ಸಾಚಾ.

ಅಷ್ಟರಲ್ಲಿ ಕಸ್ತೂರೆವ್ವ ಚಹಾದ ಕಿಟ್ಲಿ ಹಿಡಿದು ಬಂದಳು. ಧರೆಪ್ಪನ ಹೆಂಡತಿ, ಓಣಿಯ ನಾಲ್ಕಾರು ಹೆಂಗಸರ ಜೊತೆ ಮಗ್ಗಗಳಿಗೆ ಕಂಡಿಕೆ ಸುತ್ತುವ ಕೆಲಸದವಳು. ಲಾಳಿಯೊಳಗೆ ಕೂರುವ ಆ ನೂಲಿನ ಕಂಡಿಕೆ ಇಲ್ಲದೆ ಒಂದು ಗೇಣು ಸೀರೆಯೂ ಮುಂದೆ ಹೋಗುವುದಿಲ್ಲ, ಆದರೆ ಕಂಡಿಕೆಯವರನ್ನು ಸಂಘದ ಸಭೆಗೆ ಯಾರೂ ಕರೆಯುವುದಿಲ್ಲ. ಆಕೆ ಕುರ್ಚಿಯಲ್ಲಿ ಮುದುಡಿ ಕೂತಿದ್ದ ಅಜಯನನ್ನು ನೋಡಿದಳು, ಕಾಗದ ನೋಡಿದಳು, ಏನಾಯಿತೆಂದು ಕೇಳಿದಳು. ಯಲ್ಲಾಲಿಂಗ ಅಭಿಮಾನದಿಂದ ಹೇಳಿದ. ಕಸ್ತೂರೆವ್ವ ಕಿಟ್ಲಿಯನ್ನು ಕೆಳಗಿಟ್ಟಳು.

'ಮುಷ್ಕರದ ಸುದ್ದಿ ನನಗೂ ಗೊತ್ತಿತ್ತು. ನನಗೂ ಇಂವನ ಹೇಳ್ಯಾನಂತ ಬರಕೋರಿ,' ಎಂದಳು. 'ಬೀಗ ಬೀಳೂ ಮೊದಲ ಹತ್ತು ದಿನ ನಿಮ್ಮ ಪೈಕಿ ಒಬ್ಬನೂ ಮಗ್ಗಕ್ಕ ಹೊಸಾ ನೂಲಿನ ಬೀಮು ಏರಿಸಲಿಲ್ಲ. ಒಬ್ಬಾಂವಗ ಬೆನ್ನ ಬ್ಯಾನಿ, ಒಬ್ಬಾಂವಗ ಬೀಗರು. ದಿನಾ ಕಂಡಿಕಿ ಕೇಳೂದು ಕಡಿಮಿ ಆಕ್ಕೋತ ಬಂತು. ಇಷ್ಟೂ ಮಂದಿ ಮಗ್ಗ ಒಂದ ದಿನಾ ಖಾಲಿ ಆಗತಾವಂದ್ರ, ಅಮಾಸಿ ಆದಮ್ಯಾಗ ನೀವು ಹಚ್ಚಾವರಲ್ಲ ಅಂತ ನಮಗ ತಿಳೀತು. ಮಾಲಕರಿಗೆ ಕಣ್ಣಿಲ್ಲೇನ್ರಿ?'

ಅಲ್ಲಿದ್ದವರೆಲ್ಲ ನೇಕಾರರು, ಹೆಚ್ಚಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಹಾಸನ್ನು ಬಿಟ್ಟು ಹೋಗುವುದು ನೇಕಾರನ ಕೈಗೆ ಒಗ್ಗದ ಕೆಲಸ. ಗಂಜಿ ಕುಡಿದ ನೂಲು ನಿಂತಲ್ಲೇ ನಿಂತರೆ ಸಡಿಲಾಗುತ್ತದೆ, ಗಂಜಿಯ ವಾಸನೆಗೆ ಇಲಿ ಬಂದು ಕಡಿಯುತ್ತದೆ. ಅದು ಮಾಲಕರ ನೂಲೇ ಆಗಿರಲಿ, ಕೆಡಿಸಲು ಮನಸ್ಸು ಒಪ್ಪುವುದಿಲ್ಲ. ನಲವತ್ತು ಜನ ಆಣೆ ತಪ್ಪದೆ ಬಾಯಿ ಬಿಗಿದುಕೊಂಡಿದ್ದರು, ಆದರೆ ಪ್ರತಿಯೊಬ್ಬನೂ ತನ್ನ ಹಾಸನ್ನು ಅಮಾವಾಸ್ಯೆಯೊಳಗೆ ಅಚ್ಚುಕಟ್ಟಾಗಿ ಮುಗಿಸಿ, ಹೊಸ ಬೀಮನ್ನು ಮುಟ್ಟದೆ ಬಿಟ್ಟಿದ್ದ. ಮೊದಲು ಮುಗಿಸಿದವನು ಧರೆಪ್ಪ. ಮುಗಿಸಿ, ಮಗ್ಗ ಒರೆಸಿ, ಎಣ್ಣೆಯನ್ನೂ ಬಿಟ್ಟಿದ್ದ.

ಯಲ್ಲಾಲಿಂಗನಿಗೆ ಕಾಗದ ಬಿಡಲು ಮನಸ್ಸಾಗಲಿಲ್ಲ. 'ಹಂಗಾದ್ರ ಇಂವಾ ಯಾಕ ಒಪ್ಪಿಕೊಂಡಾ? ಮಾಡಿಲ್ಲಂದ್ರ ಯಾರರ ಸಹಿ ಹಾಕ್ತಾರೇನು?' ಎಂದ.

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಆ ಕೋಣೆಯಲ್ಲಿ ಅಜಯನನ್ನು ಬಿಟ್ಟರೆ ತಾನೊಬ್ಬನೇ ಎಂದು ಧರೆಪ್ಪ ತಿಳಿದಿದ್ದ. ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಸುಮ್ಮನಿದ್ದರೆ ಕಾಗದ ಉಳಿಯುತ್ತದೆ, ಕಾಗದ ಉಳಿದರೆ ಈ ಹುಡುಗ ಊರು ಬಿಡಬೇಕು. ಧರೆಪ್ಪನಿಗೆ ನಾಚಿಕೆಯಾಯಿತು. ಪ್ರತಿ ರವಿವಾರ ತಾನೇ ಬಿಡಿಸಿ ಹೇಳಿದ ಕಾರ್ಖಾನೆ ಇಂದು ಇಲ್ಲಿ ನಡೆದಿತ್ತು, ಸರಕು ಮೇಜಿನ ಮೇಲಿತ್ತು, ನೇಯ್ದವನು ತಾನು. ಕೆಂಪು ಬಾವುಟ ಗೋಡೆಯ ಮೇಲಿದ್ದರೂ ಹುಡುಗನ ಕಾಲುಗಳು ಅಷ್ಟೇ ನೊಂದಿದ್ದವು.

'ಹಾಕ್ತಾರಪಾ. ನಾನೂ ಹಾಕೇನಿ,' ಎಂದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ಮಂದ ಕಿವಿಯವರ ಕೋಣೆ ಅದು, ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. ಠಾಣೆ, ಮೂರನೇ ದಿನ, ಚಹಾ, ಕಸ್ತೂರೆವ್ವನ ಹೆಸರು, ತಾನು ಕೊಟ್ಟ ಹೆಸರು, ಎಲ್ಲವನ್ನೂ ಹೇಳಿದ. ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಆಕೆಗೂ ಗೊತ್ತಿರಲಿಲ್ಲ. ಹೇಳಿ ಮುಗಿಸಿ ಧರೆಪ್ಪ ಕಿಟಕಿಯ ಕಡೆ ನೋಡಿದ. ಇಪ್ಪತ್ತೆರಡು ವರ್ಷ ಹೆದರಿದ್ದ ಮುಖ ಅಲ್ಲಿತ್ತು.

ಗಿರಿಮಲ್ಲಪ್ಪ ಎದ್ದು ಬಂದ. ಎಡಗೈಯಲ್ಲಿ ಮೇಜಿನ ಮೇಲಿನ ಲೋಟ ಎತ್ತಿ ಅಜಯನ ಕೈಗೆ ಕೊಟ್ಟ, ಅವನು ಕುಡಿಯುವ ತನಕ ಕಾದ.

'ನನಗ ಅವತ್ತ ಗೊತ್ತಿತ್ತು,' ಎಂದ. 'ನಿನ್ನ ಸಹಿ ತೋರಿಸೇ ಹೊಡದ್ರು. ನಾ ನಿನಗೇನೂ ಅನಲಿಲ್ಲ. ಹೊಡತಾ ತಿಂದಾಂವಗ ಏನಂತ ಅನ್ನೂದು? ಆದ್ರ ಧರೆಪ್ಪಾ, ಇವತ್ತ ನಿನ್ನ ಯಾರೂ ಹೊಡದಿದ್ದಿಲ್ಲಲ್ಲೋ.'

ಅಷ್ಟು ಹೇಳಿ ಅವನು ಅಜಯನನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದ. ಧರೆಪ್ಪ ಬಹಳ ಹೊತ್ತು ನಿಂತೇ ಇದ್ದ. ಅವನಿಗೂ ಯಾರೂ ಕೂರು ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವನು ಆ ಕಾಗದ ತೆಗೆದುಕೊಂಡು ಅಜಯನ ಬಾಡಿಗೆ ಮನೆಗೆ ಹೋದ. ಅಜಯ ಹೊರಗೆ ಬರಲಿಲ್ಲ. ಸರಿತಾ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ತಪ್ಪಾಯಿತೆಂದು ಧರೆಪ್ಪ ಕಾಗದ ಮುಂದೆ ಹಿಡಿದ, ನಿಮ್ಮ ಕೈಯಿಂದಲೇ ಸುಟ್ಟುಬಿಡಿ ಎಂದ. ಆಕೆ ಅದನ್ನು ಮುಟ್ಟದೆ ಅವನ ಮುಖವನ್ನೇ ನೋಡಿದಳು.

'ಇದರ ಫೋಟೊ ಮೊಬೈಲ್‌ನ್ಯಾಗ ತಗದಾರೇನ್ರಿ ಕಾಕಾ?'

ಯಲ್ಲಾಲಿಂಗ ಸಹಿ ಒಣಗುವ ಮೊದಲೇ ತೆಗೆದಿದ್ದ, ಸಂಘದ ವಾಟ್ಸಾಪ್ ಗ್ರೂಪಿಗೂ ಹಾಕಿದ್ದ. ಧರೆಪ್ಪನಿಗೆ ಅದು ಹಿಂದಿನ ಸಂಜೆಯೇ ಗೊತ್ತಾಗಿತ್ತು. ಇಲ್ಲ ಎನ್ನಲು ಬಾಯಿ ತೆರೆದು, ಹಾಗೆನ್ನಲಾಗದೆ, ತೆಗೆದಿದ್ದಾರೆ ಎಂದ. ಎಷ್ಟು ಜನ ನೋಡಿದ್ದಾರೋ ಗೊತ್ತಿಲ್ಲ ಎಂದೂ ಹೇಳಿದ.

'ಹಂಗಾದ್ರ ಇದ್ನ ಸುಟ್ಟ ನಾ ಏನ ಮಾಡ್ಲಿರಿ? ಫೋಟೊ ಹೋದ ಮನಿ ಮನಿಗೆ ನೀವ ಹೋಗಿ, ನಮ್ಮವರ ಬಾಯಾಗ ಈ ಮಾತ ತುರುಕಿದಾಂವ ನಾನ ಅಂತ ಹೇಳ್ರಿ. ನೋಡಿದವರೆಲ್ಲಾ ಕೇಳೂ ತನಾ ಹೇಳ್ರಿ.'

ಹೇಳಿ ಆಕೆ ಬಾಗಿಲು ಮುಂದೆ ಮಾಡಿಕೊಂಡಳು. ಧರೆಪ್ಪ ಹೊಸ್ತಿಲಿನ ಹೊರಗೆ ಕಾಗದ ಹಿಡಿದು ನಿಂತ. ಓಣಿಯಲ್ಲಿ ಮಗ್ಗಗಳ ಸದ್ದಿರಲಿಲ್ಲ, ಎಲ್ಲರೂ ಮನೆಯಲ್ಲೇ ಇದ್ದರು, ಕಿಟಕಿಗಳಿಂದ ನೋಡುತ್ತಲೂ ಇದ್ದರು. ಅವನು ಪಕ್ಕದ ಮನೆಯ ಕದ ತಟ್ಟಿದ. ಒಳಗಿನಿಂದ ಯಾರವರು, ಏನಾಗಬೇಕಿತ್ತು ಎಂದು ಕೇಳಿದರು. ಧರೆಪ್ಪ ತನ್ನ ಹೆಸರು ಹೇಳಿ ಶುರುಮಾಡಿದ.